ಟವೆಲ್ ಕಾಣದಷ್ಟು ದೂರ

ದಿಂಬಿನ ಕೆಳಗೆ ಫೋನು ‘ಟಿಕ್’ ಎಂದಿತು. ಒಂದೇ ಸಲ. ಪಕ್ಕದಲ್ಲಿ ಮಲಗಿದ್ದ ನನ್ನ ಗಂಡ ಶ್ರೀನಿವಾಸರ ಉಸಿರಾಟ ಬದಲಾಗಲಿಲ್ಲ. ನನಗೆ ಮಾತ್ರ ಎಚ್ಚರವಾಯಿತು.

ಬೆಳಕು ಹೊರಗೆ ಬೀಳದಂತೆ ಫೋನನ್ನು ಹೊದಿಕೆಯೊಳಗೆ ಎಳೆದುಕೊಂಡೆ. ಗಂಟೆ ಒಂದೂ ಇಪ್ಪತ್ತೈದು. ಮಸ್ಕತ್ತಿನಲ್ಲಿ ಇನ್ನೂ ಹನ್ನೆರಡಾಗಲು ಐದು ನಿಮಿಷ. ಪರದೆಯ ಮೇಲೆ ಒಂದು ಕೆಂಪು ಗೆರೆ ಬಂದಿತ್ತು: ತಣ್ಣೀರಿನ ಪಂಪು ನಂಬರ್ ಎರಡು, ನಿಂತಿದೆ.

ಮಸ್ಕತ್ತಿನ ಕಡಲ ದಂಡೆಯಲ್ಲಿರುವ ಒಂದು ದೊಡ್ಡ ಹೋಟೆಲಿನಲ್ಲಿ ನಾನು ಚೀಫ್ ಇಂಜಿನಿಯರ್. ಅತಿಥಿಗಳು ಎಂದೂ ಇಳಿಯದ ನೆಲಮಾಳಿಗೆಯಲ್ಲಿ ನನ್ನ ಪಂಪು, ಬಾಯ್ಲರು, ಜನರೇಟರುಗಳಿವೆ. ಮೇಲೆ ಅಮೃತಶಿಲೆಯ ನೆಲದ ಮೇಲೆ ಓಡಾಡುವವರಿಗೆ ಅವುಗಳ ಸದ್ದು ಕೇಳಬಾರದು, ಒಂದು ಕೋಣೆಯೂ ಬೆಚ್ಚಗಾಗಬಾರದು. ಕಟ್ಟಡದ ಸ್ಥಿತಿಯೆಲ್ಲ ಫೋನಿನಲ್ಲೇ ಕಾಣುತ್ತದೆ. ಬೇಕೆಂದರೆ ಅದರಿಂದಲೇ ಯಂತ್ರಗಳನ್ನು ನಡೆಸಲೂಬಹುದು. ಇಪ್ಪತ್ತು ದಿನದ ರಜೆಗೆ ದಾವಣಗೆರೆಗೆ ಹೊರಡುವ ಮೊದಲು ನನ್ನ ಸಹಾಯಕನಿಗೆ ಎಲ್ಲವನ್ನೂ ಬರೆದು ಒಪ್ಪಿಸಿದ್ದೆ. ರಜೆಯಲ್ಲಿರುವವರು ಯಾವ ಯಂತ್ರವನ್ನೂ ಮುಟ್ಟತಕ್ಕದ್ದಲ್ಲ ಎಂಬ ನಿಯಮ ಬರೆದವಳು ನಾನು, ಅದಕ್ಕೆ ಎಲ್ಲರ ಸಹಿ ಹಾಕಿಸಿದವಳೂ ನಾನು. ನನ್ನ ಪಾಸ್‌ವರ್ಡನ್ನು ಮಾತ್ರ ಮುಚ್ಚಿಸಿರಲಿಲ್ಲ. ಸುಮ್ಮನೆ ನೋಡುವುದಕ್ಕಿರಲಿ ಎಂದುಕೊಂಡಿದ್ದೆ.

ಹೋಟೆಲಿನ ಎಲ್ಲ ಎಸಿಗಳಿಗೆ ತಣ್ಣೀರು ತಳ್ಳುವುದು ಮೂರು ಪಂಪುಗಳು. ಮೂರನೆಯದರ ಬೇರಿಂಗ್ ಹೋಗಿ ಅದನ್ನು ಬಿಚ್ಚಿಟ್ಟಿದ್ದರು. ಈಗ ಎರಡನೆಯದೂ ನಿಂತರೆ ಉಳಿಯುವುದು ಒಂದೇ. ಮರುದಿನ ಅಲ್ಲಿ ದೊಡ್ಡ ಮದುವೆಯಿತ್ತು. ಹಿಂದಿನ ತಿಂಗಳು ಒಂದು ಔತಣದ ನಡುವೆ ಪಂಪು ನಿಂತು ಹಾಲ್ ಬಿಸಿಯೇರಿತ್ತು, ಹೆಂಗಸರು ಮೆನು ಕಾರ್ಡಿನಿಂದ ಗಾಳಿ ಬೀಸಿಕೊಂಡಿದ್ದರು. ಆಮೇಲೆ ಜನರಲ್ ಮ್ಯಾನೇಜರ್ ನನ್ನನ್ನು ಕರೆದು ಬಹಳ ಮೆಲ್ಲಗೆ ಮಾತಾಡಿದ್ದರು. ಕೂಗಾಡಿದ್ದರೆ ಮರೆಯುತ್ತಿದ್ದೆನೇನೋ. ಆ ಮೆಲುದನಿ ಮಾತ್ರ ಮನಸ್ಸಿನಿಂದ ಹೋಗಿರಲಿಲ್ಲ.

ಎದ್ದು ಹಾಲಿಗೆ ಬಂದು ಕಂಟ್ರೋಲ್ ರೂಮಿಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಇನ್ನೊಂದು ಸಲ ಮಾಡಿದೆ. ಆಗಲೂ ಇಲ್ಲ. ಸಹಾಯಕನ ಫೋನು ಸ್ವಿಚ್ ಆಫ್ ಆಗಿತ್ತು. ಪರದೆಯಲ್ಲಿ ಪಂಪಿನ ಚಿತ್ರದ ಕೆಳಗೆ ಹಸಿರು ಗುಂಡಿಯಿತ್ತು. ಒತ್ತಿದೆ. ಖಚಿತವೇ ಎಂದು ಕೇಳಿತು. ಹೌದು ಎಂದು ಒತ್ತಿದೆ.

ಪಂಪು ಹಸಿರಾಯಿತು. ನೀರಿನ ಒತ್ತಡ ಏರತೊಡಗಿದ್ದು ಕಂಡಿತು. ಉಸಿರು ಬಿಟ್ಟೆ. ಇನ್ನು ಮಲಗಬಹುದು ಎಂದುಕೊಳ್ಳುವಷ್ಟರಲ್ಲಿ ಅದು ಮತ್ತೆ ಕೆಂಪಾಯಿತು.

ಯಂತ್ರ ತಾನಾಗಿ ನಿಂತರೆ ಪರದೆಯ ಮೇಲೆ ಒಂದು ಗುರುತು ಬರುತ್ತದೆ. ಪಂಪಿನ ಪಕ್ಕದ ಕೆಂಪು ಗುಂಡಿಯನ್ನು ಮನುಷ್ಯರು ಕೈಯಿಂದ ಗುದ್ದಿ ನಿಲ್ಲಿಸಿದರೆ ಇನ್ನೊಂದು. ಈಗ ಬಂದದ್ದು ಎರಡನೆಯದು. ಅಂದರೆ ಪಂಪಿನ ಪಕ್ಕದಲ್ಲಿ ಯಾರೋ ಇದ್ದಾರೆ. ನಾನು ಒತ್ತುವಾಗಲೂ ಇದ್ದರು.

ಸೋಫಾದ ತುದಿಯಲ್ಲಿ ಕೂತೆ. ರಾತ್ರಿ ಪಾಳಿಯಲ್ಲಿ ಪಂಪುಗಳ ಕೆಲಸ ಮಾಡುವವನು ಮಾರುತಿ. ಹರಿಹರದ ಪಕ್ಕದ ಗುತ್ತೂರಿನವನು. ನಾನೇ ಕರೆದುಕೊಂಡು ಹೋದವನು.

ಅವನ ತಂದೆ ಗುತ್ತೆಪ್ಪನವರೂ ನನ್ನ ತಂದೆ ಸೂರಪ್ಪನವರೂ ಹರಿಹರದ ಒಂದೇ ಕಾರ್ಖಾನೆಯಲ್ಲಿ, ಒಂದೇ ಶೆಡ್ಡಿನಲ್ಲಿ ದುಡಿದವರು. ಇಬ್ಬರೂ ಈಗಿಲ್ಲ. ಆ ಶೆಡ್ಡಿನಲ್ಲಿ ಒಂದು ರೂಢಿಯಿತ್ತು. ಯಂತ್ರದೊಳಗೆ ಕೈ ಹಾಕುವವನು ಸ್ವಿಚ್ಚಿನ ಹಿಡಿಗೆ ತನ್ನ ಟವೆಲ್ ಕಟ್ಟಿ ಹೋಗುತ್ತಿದ್ದ. ಟವೆಲ್ ಕಂಡರೆ ಒಳಗೊಬ್ಬ ಮನುಷ್ಯನಿದ್ದಾನೆ ಎಂದರ್ಥ. ಕಟ್ಟಿದವನೇ ಬಂದು ಬಿಚ್ಚುವವರೆಗೆ ಸ್ವಿಚ್ಚಿಗೆ ಯಾರೂ ಕೈ ಹಾಕುವಂತಿರಲಿಲ್ಲ, ಮೇಸ್ತ್ರಿಯೂ ಕೂಡ. ನಮ್ಮ ಹೋಟೆಲಿನ ಪದ್ಧತಿ ಬೇರೆ. ಮೇನ್ ಸ್ವಿಚ್ ಇಳಿಸಿ, ಅದಕ್ಕೆ ಬೀಗ ಹಾಕಿ, ಬೀಗದ ಕೈ ಜೇಬಿಗಿಟ್ಟುಕೊಂಡು ಕೆಲಸಕ್ಕಿಳಿಯಬೇಕು. ಬೀಗ ಸಿಗುವುದು ಮೂರು ಮಹಡಿ ಮೇಲೆ, ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಿದ ಮೇಲೆ.

ಹೋದ ವರ್ಷ ಒಂದು ದಿನ ನೆಲಮಾಳಿಗೆಗೆ ಇಳಿದಾಗ ಪಂಪಿನ ಪ್ಯಾನೆಲ್ಲಿನ ಹಿಡಿಗೆ ಕೆಂಪಂಚಿನ ಟವೆಲ್ ಕಟ್ಟಿದ್ದು ಕಂಡು ನಿಂತುಬಿಟ್ಟಿದ್ದೆ. ಅಪ್ಪ ಕಟ್ಟುತ್ತಿದ್ದ ಹಾಗೆಯೇ ಎರಡು ಸುತ್ತು, ಒಂದು ಗಂಟು. ಬೀಗ ಎಲ್ಲಿ ಎಂದು ಕೇಳಿದ್ದಕ್ಕೆ ಐದು ನಿಮಿಷದ ಕೆಲಸವೆಂದು ಮಾರುತಿ ನಕ್ಕಿದ್ದ. ಬೀಗವನ್ನೂ ಹಾಕಬೇಕು ಎಂದು ಹೇಳಿ ಬಂದಿದ್ದೆ. ಹೇಳಿದ್ದೆನೇ ಹೊರತು ಬರೆದಿಡಲಿಲ್ಲ, ಗದರಲಿಲ್ಲ. ಕೇರಳದವರು, ನೇಪಾಳದವರು ಕೂಡ ಆ ಟವೆಲಿಗೆ ಮರ್ಯಾದೆ ಕೊಡಲು ಕಲಿತದ್ದನ್ನು ಕಂಡು ಒಳಗೊಳಗೇ ಹಿಗ್ಗಿದ್ದೆ.

ಆ ಟವೆಲ್ ಎದುರು ನಿಂತವರಿಗೆ ಕಾಣುತ್ತದೆ. ದಾವಣಗೆರೆಯಲ್ಲಿ ಹೊದಿಕೆಯೊಳಗೆ ಫೋನ್ ಹಿಡಿದವಳಿಗೆ ಕಾಣುವುದಿಲ್ಲ.

ಎರಡೂ ಐದಕ್ಕೆ ಫೋನ್ ನಡುಗಿತು. ರಾತ್ರಿ ಪಾಳಿಯ ಸೂಪರ್‌ವೈಸರ್ ಜುಬೇರ್. ಅವನೂ ನಮ್ಮ ದಾವಣಗೆರೆಯವನೇ. ಮಲಗಿದ್ದಿರೇನೋ ಎಂದು ಕೇಳಿದ. ಹೌದು, ಈಗ ಎಚ್ಚರವಾಯಿತು ಎಂದೆ. ಅದು ನನ್ನ ಮೊದಲ ಸುಳ್ಳು. ಅದನ್ನು ಹೇಳಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ ಎಂಬುದನ್ನು ಗಮನಿಸಿಕೊಂಡೆ.

“ಮಾರುತಿ ಕೈ ಪಂಪಿಗೆ ಸಿಕ್ಕೈತೆ ಮೇಡಂ. ಪಂಪು ತಾನೇ ಚಾಲೂ ಆಗಿಬಿಟ್ಟೈತೆ. ರಕ್ತ ಭಾಳ ಹೋಗೈತೆ. ಆಂಬುಲೆನ್ಸಿನಾಗೆ ಕಳ್ಸೀನಿ, ಮಾತಾಡ್ತಿರಲಿಲ್ಲ.”

ಪಂಪನ್ನು ಮೋಟರಿಗೆ ಜೋಡಿಸುವ ಕಪ್ಲಿಂಗಿನ ರಬ್ಬರು ಸವೆದಿತ್ತಂತೆ. ಮದುವೆಗೆ ಮೊದಲೇ ಬದಲಿಸಿಬಿಡೋಣ ಎಂದು ಗುರುವಾರದ ಕೆಲಸವನ್ನು ಆ ರಾತ್ರಿಗೆ ತಂದಿದ್ದರಂತೆ. ರಜೆಯಲ್ಲಿರುವ ನನಗೆ ತೊಂದರೆ ಬೇಡವೆಂದು ತಿಳಿಸಿರಲಿಲ್ಲ. ಕಂಟ್ರೋಲ್ ರೂಮಿನಲ್ಲಿರಬೇಕಿದ್ದ ಜುಬೇರ್ ಯಾವುದೋ ಕೋಣೆಯ ನಲ್ಲಿ ಸೋರುತ್ತದೆಂದು ಏಳನೇ ಮಹಡಿಗೆ ಹೋಗಿದ್ದ. ಕೆಂಪು ಗುಂಡಿ ಗುದ್ದಿದವನು ಮಾರುತಿಯೇ, ಸಿಕ್ಕಿಕೊಳ್ಳದೆ ಉಳಿದಿದ್ದ ಕೈಯಿಂದ. ಬೀಗ ಹಾಕಿದ್ದನೇ ಎಂದು ಕೇಳಿದೆ. ಮೇನ್ ಸ್ವಿಚ್ ಇಳಿಸದೆ ಪ್ಯಾನೆಲ್ಲಿನ ಮಾಮೂಲಿ ಗುಂಡಿ ಒತ್ತಿಯೇ ಪಂಪು ನಿಲ್ಲಿಸಿದ್ದನೆಂದು ಜುಬೇರ್ ಹೇಳಿದ. ಆಮೇಲೆ, ಟವೆಲ್ ಇತ್ತು ಮೇಡಂ, ಎಂದ.

ಫೋನಿಟ್ಟ ಮೇಲೆ ಹೋಟೆಲಿನ ವ್ಯವಸ್ಥೆಯ ದಾಖಲೆ ತೆರೆದೆ. ಇಂಥ ಗಳಿಗೆಯಲ್ಲಿ ಪಂಪು ಎರಡನ್ನು ಚಾಲೂ ಮಾಡಿದವರು ಯಾರು ಎಂಬ ಕಡೆ ನನ್ನ ಹೆಸರು, ಹೊರಗಿನಿಂದ ಎಂಬ ಮಾತಿನ ಜೊತೆಗೆ, ಸ್ಪಷ್ಟವಾಗಿತ್ತು. ಅಳಿಸಲು ಬರುವುದಿಲ್ಲ. ತೆರೆದು ನೋಡುವ ಅಧಿಕಾರವಿರುವುದು ನನಗೆ, ಮತ್ತು ನಾನು ಕೇಳಿದರೆ ಮಾತ್ರ ದುಬೈಯಿಂದ ಬರುವ ಒಬ್ಬ ತಜ್ಞನಿಗೆ. ತೊಂಬತ್ತು ದಿನ ಕಳೆದರೆ ಹಳೆಯದರ ಮೇಲೆ ಹೊಸದು ಬರೆಯುತ್ತ ಹೋಗುತ್ತದೆ. ಮಾರುತಿ ಬದುಕುತ್ತಾನೋ ಇಲ್ಲವೋ ಎಂಬ ಹೊತ್ತಿನಲ್ಲಿ ನಾನು ತೊಂಬತ್ತು ದಿನದ ಲೆಕ್ಕ ಹಾಕುತ್ತ ಕೂತಿದ್ದೆ.

ಬೆಳಗಾಗುವವರೆಗೆ ಮಲಗಲಿಲ್ಲ. ತೊಟ್ಟಿಗೆ ನೀರು ತುಂಬುವ ಮೋಟರನ್ನು ಎದುರು ಮನೆಯವರು ಐದು ಗಂಟೆಗೆ ಹಾಕಿದರು. ಅದರ ಗುಂಯ್ ಸದ್ದು ಕೇಳದಂತೆ ಎದ್ದು ಕಿಟಕಿ ಮುಚ್ಚಿದೆ.

ಏಳು ಗಂಟೆಗೆ ಜನರಲ್ ಮ್ಯಾನೇಜರರ ಸಂದೇಶ ಬಂತು. ರಜೆಗೆ ಅಡ್ಡಿ ಮಾಡುತ್ತಿರುವುದಕ್ಕೆ ಕ್ಷಮೆ ಕೇಳಿದ್ದರು. ಪಂಪು ತಾನಾಗಿ ಹೇಗೆ ಚಾಲೂ ಆಯಿತು, ಆ ನೌಕರ ಬೀಗದ ನಿಯಮ ಪಾಲಿಸಿದ್ದನೇ ಇಲ್ಲವೇ, ಈ ಎರಡಕ್ಕೂ ಉತ್ತರ ಬೇಕು. ನೀವೇ ಬೇಗ ಬಂದು ವಿಚಾರಣೆ ನಡೆಸಿ ವರದಿ ಕೊಡಿ, ನಿಮ್ಮಷ್ಟು ನಂಬಿಕೆಯವರು ಬೇರೆ ಯಾರೂ ಇಲ್ಲ ಎಂದಿದ್ದರು. ಅದನ್ನು ನಾಲ್ಕೈದು ಸಲ ಓದಿದೆ.

ಕಾಫಿ ಕುಡಿಯುವಾಗ ಶ್ರೀನಿವಾಸರು ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಮಾರುತಿಗೆ ಪೆಟ್ಟಾಗಿದೆ ಎಂದಷ್ಟೇ ಹೇಳಿದೆ. ಅವರು ಪಾಪ ಎಂದು ಮರುಗಿ, ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟರು.

“ಪುಣ್ಯಕ್ಕೆ ನೀನು ಇಲ್ಲಿದ್ದೆ. ಅಲ್ಲಿದ್ದಿದ್ರೆ ನಿನ್ ಮೇಲೆ ಬರ್ತಿತ್ತು.”

ಲೋಟ ಕೆಳಗಿಟ್ಟೆ.

ಎಂಟು ಗಂಟೆಗೆ ಮಾರುತಿಯ ಹೆಂಡತಿ ರೇಖಾಳ ಫೋನು ಬಂತು. ಪಾಳಿ ಮುಗಿಸಿ ಅವನು ದಿನವೂ ಮಾತಾಡುತ್ತಾನೆ, ಇವತ್ತು ಫೋನು ಎತ್ತುತ್ತಿಲ್ಲ, ಮದುವೆ ಕೆಲಸ ಜಾಸ್ತಿಯೇನಕ್ಕಾ ಎಂದು ಕೇಳಿದಳು. ನಾನು ಅಲ್ಲಿಗೇ ಬರುತ್ತೇನೆ ಎಂದೆ. ಯಾಕೆ ಬರುತ್ತೀರಿ ಎಂದು ಅವಳು ಕೇಳಲಿಲ್ಲ. ಆಯ್ತಕ್ಕ ಎಂದು ಇಟ್ಟಳು.

ಹೊರಡುವ ಮೊದಲು ಜುಬೇರನಿಗೆ ಮತ್ತೆ ಕೇಳಿದೆ. ಜೀವಕ್ಕೆ ಅಪಾಯವಿಲ್ಲ, ಆಪರೇಷನ್ ನಡೆಯುತ್ತಿದೆ, ಕೈಯ ವಿಷಯ ಇನ್ನೂ ಗೊತ್ತಿಲ್ಲ ಎಂದ. ಜೀವಕ್ಕೆ ಅಪಾಯವಿಲ್ಲ ಎಂದಾಗ ಬಾಗಿಲ ಚೌಕಟ್ಟಿಗೆ ಒರಗಿ ಅತ್ತುಬಿಟ್ಟೆ. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಭಯ ತನ್ನ ಜಾಗಕ್ಕೆ ವಾಪಸು ಬಂದು ಕೂತಿತ್ತು. ಅವನು ಬದುಕಿದ್ದಾನೆ. ಬದುಕಿರುವವನು ಕೇಳುತ್ತಾನೆ.

ಹರಿಹರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಅಲ್ಲಿಯವರೆಗೂ ನಾನು ಜನರ ಕೈಗಳನ್ನೇ ನೋಡುತ್ತ ಹೋದೆ. ಕಂಡಕ್ಟರ್ ಬೆರಳಿಗೆ ಉಗುಳು ಹಚ್ಚಿ ಟಿಕೆಟ್ ಹರಿದ. ಮುಂದಿನ ಸೀಟಿನ ಹೆಂಗಸು ಮಡಿಲಲ್ಲಿ ಹೂವಿಟ್ಟುಕೊಂಡು ಕಟ್ಟುತ್ತಿದ್ದಳು. ಎರಡು ಬೆರಳ ಸಂದಿಯಲ್ಲಿ ದಾರ ಸುತ್ತಿ, ಮೂರನೆಯದರಿಂದ ಎಳೆದು, ನೋಡದೆಯೇ. ನಾನು ಕಣ್ಣು ಮುಚ್ಚಿಕೊಂಡೆ.

ಹರಿಹರದಲ್ಲಿ ಇಳಿದು ಗುತ್ತೂರಿಗೆ ಆಟೋ ಹತ್ತಿದೆ. ಓಡಿಸುತ್ತಿದ್ದ ಹಯಾತ್ ಸಾಬ್ ಅಪ್ಪನನ್ನು ಬಲ್ಲವರು. ಕನ್ನಡಿಯಲ್ಲಿ ನೋಡಿ ಗುರುತು ಹಿಡಿದರು.

“ಸೂರಪ್ಪನ ಮಗಳಲ್ವೇನವ್ವ ನೀನು, ದುಬೈನಾಗೆ ಇರೋಳು?”

ಮಸ್ಕತ್ತು ಎಂದೆ.

“ಎಲ್ಲಾ ಒಂದೇ ಬಿಡವ್ವ, ಇಲ್ಲಿಂದ ಕಾಣಲ್ಲ. ನಮ್ಮ ಅಳಿಯಂಗೂ ಒಂದು ಕೆಲ್ಸ ನೋಡು. ಐಟಿಐ ಓದ್ಯಾನೆ. ಮನ್ಯಾಗೆ ಸುಮ್ನೆ ಕುಂತು ನೆಟ್ಟಗಿರೋ ಫ್ಯಾನೆಲ್ಲ ಬಿಚ್ಚಿ ರಿಪೇರಿ ಮಾಡ್ತಾನೆ. ಈಗ ನಾವು ಬೀಸಣಿಗಿನಾಗೆ ಅದೀವಿ.”

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಆ ದಿನ ನಗು ತರಿಸಿಕೊಂಡೆ.

ಮಾರುತಿಯ ಮನೆ ಊರ ಅಂಚಿಗಿದೆ. ಹೊಸದಾಗಿ ಹಾಕಿದ ತಾರಸಿ, ಇನ್ನೂ ಗಿಲಾವು ಕಾಣದ ಗೋಡೆಗಳು. ಅಂಗಳದಲ್ಲಿ ಮೆಕ್ಕೆಜೋಳ ಹರವಿ ಅವನ ತಾಯಿ ಕೊಟ್ರವ್ವ ಕಾಲಿನಿಂದ ಕೆದರುತ್ತಿದ್ದರು. ರೇಖಾ ಬಾಗಿಲಲ್ಲೇ ನಿಂತಿದ್ದಳು. ಹತ್ತಿರದ ಒಂದು ಪ್ಯಾಕಿಂಗ್ ಘಟಕದಲ್ಲಿ ಕೆಲಸ ಮಾಡುವ ಅವಳು ಆಗಲೇ ಪಾಳಿಯ ನೀಲಿ ಕೋಟು ತೊಟ್ಟಿದ್ದಳು. ಬರ್ರಿ, ಕೂಡ್ರಿ ಎನ್ನುತ್ತಲೇ ಅವಳ ಕಣ್ಣು ನನ್ನ ಮುಖದಿಂದ ಕದಲಲಿಲ್ಲ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಹೇಳಿದೆ. ರಾತ್ರಿ ಕೆಲಸ ಮಾಡುವಾಗ ಪಂಪು ಚಾಲೂ ಆಯಿತು. ಎಡಗೈಗೆ ಪೆಟ್ಟಾಗಿದೆ. ಜೀವಕ್ಕೇನೂ ಇಲ್ಲ. ಒಳ್ಳೆಯ ಆಸ್ಪತ್ರೆ. ಪ್ರತಿ ಮಾತೂ ನಿಜವಿತ್ತು. ಪ್ರತಿ ಮಾತನ್ನೂ ಆರಿಸಿ ಇಟ್ಟಿದ್ದೆ. ಕೊಟ್ರವ್ವ ಅಲ್ಲೇ ಜೋಳದ ಮೇಲೆ ಕೂತು ಎದೆ ಬಡಿದುಕೊಂಡರು. ರೇಖಾ ಅಳಲಿಲ್ಲ. ಅತ್ತೆಯನ್ನು ಎಬ್ಬಿಸಿ ಒಳಗೆ ಕೂರಿಸಿ, ನೀರು ಕುಡಿಸಿ, ಮೇಲ್ವಿಚಾರಕರಿಗೆ ಇವತ್ತು ಬರುವುದಿಲ್ಲ ಎಂದು ಫೋನು ಮಾಡಿದಳು.

ಹನ್ನೊಂದರ ಸುಮಾರಿಗೆ ಆಸ್ಪತ್ರೆಯಿಂದ ವಿಡಿಯೋ ಕರೆ ಬಂತು. ಜುಬೇರ್ ಫೋನು ಹಿಡಿದಿದ್ದ. ಮಾರುತಿಯ ಮುಖ ಬಿಳಿಚಿತ್ತು, ತುಟಿ ಒಡೆದಿತ್ತು. ಎಡಗೈ ಮೊಣಕೈವರೆಗೂ ಬಿಳಿ ಬಟ್ಟೆಯೊಳಗಿತ್ತು. ಮೂರು ಬೆರಳು ಹೋಗಿವೆ, ಹೆಬ್ಬೆರಳು ಮತ್ತು ತೋರುಬೆರಳು ಉಳಿದಿವೆ ಎಂದು ಅವನೇ ಹೇಳಿದ. ತಾಯಿ ಕಿರುಚಿದ್ದು ಕೇಳಿ ನಗಲು ನೋಡಿದ.

“ಎಡಗೈ ಅವ್ವಾ. ಉಣ್ಣಾಕೆ ಏನೂ ತೊಂದ್ರೆ ಇಲ್ಲ.”

ಆಮೇಲೆ ಮೇಡಂಗೆ ಕೊಡಿ ಎಂದ. ಫೋನು ನನ್ನ ಕೈಗೆ ಬಂತು. ಅವನ ಕಣ್ಣಲ್ಲಿ ನಾನು ಹುಡುಕಿದ್ದು ಒಂದನ್ನೇ: ಇವನಿಗೆ ಗೊತ್ತೇ? ಮಂಪರು ಕವಿದ ಆ ಕಣ್ಣುಗಳಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದದ್ದು ಹೆದರಿಕೆ, ಅದೂ ನನ್ನ ಬಗೆಗಿನ ಹೆದರಿಕೆಯೇ.

“ತಪ್ಪು ನಂದೇ ಮೇಡಂ. ಬೀಗ ಹಾಕಲಿಲ್ಲ. ನೀವು ಅವತ್ತೇ ಹೇಳಿದ್ರಿ. ರಿಪೋರ್ಟಿನಾಗೆ ಬರೀತಾರಲ್ಲ, ನನ್ನನ್ನ ಮನೆಗೆ ಕಳಿಸಿಬಿಡ್ತಾರಾ?”

ವಿಶ್ರಾಂತಿ ತಗೋ, ನಾನು ನೋಡಿಕೊಳ್ಳುತ್ತೇನೆ ಎಂದೆ. ಜುಬೇರ್ ಕರೆ ಮುಗಿಸಿದ.

ರೇಖಾ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಅದರ ಗಾಜನ್ನು ಒರೆಸಿದಳು. ಒರೆಸುತ್ತಲೇ ಕೇಳಿದಳು.

“ಟವೆಲ್ ಕಟ್ಟಿದ್ರೇನಕ್ಕ?”

ಕಟ್ಟಿದ್ದನಂತೆ ಎಂದೆ.

“ಮತ್ತೆ ಯಾರು ಚಾಲೂ ಮಾಡಿದ್ರು? ನಮ್ಮ ಮಾವರು ಕಟ್ಟಿದ ಟವೆಲ್‌ನ ಸೂಪರ್‌ವೈಸರೂ ಮುಟ್ಟುತಿರಲಿಲ್ಲಂತೆ. ಅಲ್ಲೂ ಯಾರೂ ಮುಟ್ಟಲ್ಲ ಅಂತ ಇವ್ರು ಎಷ್ಟು ಸಲ ಹೇಳ್ಯಾರೆ. ಟವೆಲ್ ನೋಡಿನೂ ಒತ್ತ್ಯಾರೆ ಅಂದ್ರೆ ಅದು ಅಪಘಾತ ಅಲ್ಲ.”

ಒಳಗಿನಿಂದ ಕೊಟ್ರವ್ವ ಎದ್ದು ಬಂದರು. ಅವರ ಅಳು ನಿಂತಿತ್ತು. ಹೋದ ತಿಂಗಳು ಅವರಿರುವ ರೂಮಿನ ಅಡುಗೆಯ ಪಾಳಿ ವಿಷಯಕ್ಕೆ ಮಾರುತಿಗೂ ಜುಬೇರನಿಗೂ ಜಗಳವಾಗಿ ನಾಲ್ಕು ದಿನ ಮಾತು ಬಿಟ್ಟಿದ್ದರೆಂದು ನೆನಪು ಮಾಡಿದರು. ಆ ರಾತ್ರಿ ಅಲ್ಲಿ ಇದ್ದ ದೊಡ್ಡ ಮನುಷ್ಯ ಅವನೊಬ್ಬನೇ ಅಲ್ಲವೇ ಎಂದು ನನ್ನನ್ನು ಕೇಳಿದರು. ನಾನು ಅವನು ಏಳನೇ ಮಹಡಿಯಲ್ಲಿದ್ದ ಎಂದೆ. ಹಾಗಂತ ಯಾರು ಹೇಳಿದ್ದು ಎಂದರು. ಅವನೇ ಹೇಳಿದ್ದು. ಕೊಟ್ರವ್ವ ತಲೆ ಅಲ್ಲಾಡಿಸಿದರು. ಅವನ ತಾಯಿಯ ಮನೆ ಗೊತ್ತು, ಸಂಜೆಯೇ ದಾವಣಗೆರೆಗೆ ಹೋಗಿ ಬಾಗಿಲಲ್ಲಿ ನಿಂತು ಕೇಳುತ್ತೇನೆ, ಮಗನ ಕೈ ಕೊಡು ಎನ್ನುತ್ತೇನೆ ಎಂದರು. ಇಬ್ಬರು ನೆಂಟರ ಹೆಸರು ಹೇಳಿ ಅವರನ್ನೂ ಕರೆದುಕೊಂಡು ಹೋಗುತ್ತೇನೆ ಎಂದರು.

ಆ ಬಾಗಿಲನ್ನು ನಾನು ಬಲ್ಲೆ. ಜುಬೇರನಿಗೆ ವೀಸಾ ಬಂದ ದಿನ ಅವನ ತಾಯಿ ನನಗೆ ಅಲ್ಲಿಯೇ ಶೀರ್ ಖುರ್ಮಾ ಪಾಯಸ ಕೊಟ್ಟಿದ್ದರು. ರಾತ್ರಿಯಿಡೀ ಆಸ್ಪತ್ರೆಯಲ್ಲಿ ನಿಂತು, ಈಗಷ್ಟೇ ಮಾರುತಿಗಾಗಿ ಫೋನು ಹಿಡಿದಿದ್ದವನ ಮನೆ ಅದು. ಇವರು ಹೋಗಿ ಅಲ್ಲಿ ನಿಂತರೆ ಮುಂದೆ ಏನೇನಾಗಬಹುದು ಎಂದು ನಾನು ಯೋಚಿಸಬೇಕಾಗಿರಲಿಲ್ಲ. ಕಣ್ಣೆದುರೇ ಬಂತು.

ರೇಖಾಳನ್ನು ಹಿತ್ತಿಲಿಗೆ ಕರೆದೆ. ಅಲ್ಲಿ ಬಟ್ಟೆ ಒಗೆಯುವ ಕಲ್ಲು, ಒಂದು ಪೇರಲ ಗಿಡ. ಬಾಗಿಲನ್ನು ಎಳೆದುಕೊಂಡೆ. ಆಚೆ ಮನೆಯವರು ಯಾರಾದರೂ ಇದ್ದಾರೆಯೇ ಎಂದು ಗೋಡೆಯ ಮೇಲಿಂದ ನೋಡಿದೆ.

“ಜುಬೇರ್ ಅಲ್ಲ. ನಾನು. ದಾವಣಗೆರೆಯಿಂದ, ಫೋನಿನಲ್ಲಿ ಒತ್ತಿದೆ. ಪಂಪು ಕೆಟ್ಟು ನಿಂತಿದೆ ಅಂದುಕೊಂಡೆ.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಫೋನಿನಿಂದ ಅಷ್ಟು ದೂರದ ಯಂತ್ರ ಹೇಗೆ ತಿರುಗುತ್ತದೆ ಎಂದು ಕೇಳಿದಳು. ಹೇಳಿದೆ. ಅಲ್ಲಿ ಯಾರಿದ್ದಾರೆಂದು ನೋಡಲು ಬರುವುದಿಲ್ಲವೇ ಎಂದಳು. ಬರುವುದಿಲ್ಲ. ನೋಡದೆಯೇ ಒತ್ತಿದಿರಾ ಎಂದಳು. ಹೌದು. ರಜೆಯಲ್ಲಿ ಒತ್ತಬಹುದೇ ಎಂದಳು. ಒತ್ತುವಂತಿಲ್ಲ ಎಂದೆ. ಪ್ರಶ್ನೆಗಳು ಒಂದರ ಹಿಂದೊಂದು ಬಂದವು, ಗಟ್ಟಿ ದನಿಯೇ ಇರಲಿಲ್ಲ.

ಆಮೇಲೆ ಒಗೆಯುವ ಕಲ್ಲಿನ ಮೇಲೆ ಕೂತಳು. ಈಗ ಕೂಗುತ್ತಾಳೆ, ಊರು ಸೇರುತ್ತದೆ ಎಂದುಕೊಂಡೆ. ಹಾಗಾದರೇ ಒಳ್ಳೆಯದೇನೋ ಎಂದೂ ಒಂದು ಕ್ಷಣ ಅನ್ನಿಸಿತು. ಅವಳು ತನ್ನ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಕೊನೆಯ ಮೂರು ಬೆರಳುಗಳನ್ನು ಮಡಚಿ ನೋಡುತ್ತಿದ್ದಳು. ಉಳಿದ ಎರಡರಿಂದ ಸೆರಗಿನ ಅಂಚು ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಎಷ್ಟು ಹೊತ್ತು ಹಾಗೆ ಮಾಡಿದಳೋ ತಿಳಿಯದು.

“ಮತ್ಯಾರಿಗೆ ಗೊತ್ತೈತೆ?”

“ಯಾರಿಗೂ ಇಲ್ಲ. ನಿನಗೊಬ್ಬಳಿಗೇ.”

“ಯಜಮಾನ್ರಿಗೆ?”

“ಇಲ್ಲ.”

“ರಿಪೋರ್ಟು ಯಾರು ಬರೀತಾರೆ?”

ನಾನೇ ಎಂದೆ. ಅವಳು ತಲೆ ಎತ್ತಿದಳು. ನನ್ನನ್ನು ಅವಳು ಮೊದಲ ಸಲ ನೋಡಿದ್ದು ಆಗಲೇ ಅನ್ನಿಸುತ್ತದೆ. ಅಲ್ಲಿಯವರೆಗೆ ನನ್ನ ಮುಖದಲ್ಲಿ ಅವಳು ಗಂಡನ ಸುದ್ದಿಯನ್ನಷ್ಟೇ ಹುಡುಕುತ್ತಿದ್ದಳು.

ನಿಜ ಬರೆದುಬಿಡುತ್ತೇನೆ ಎಂದೆ. ಆ ಗಳಿಗೆಯಲ್ಲಿ ಅದನ್ನು ಮನಸ್ಸಿಟ್ಟೇ ಹೇಳಿದೆ. ಬರೆದರೆ ಏನಾಗುತ್ತದೆ ಎಂದು ಕೇಳಿದಳು. ನನ್ನ ಕೆಲಸ ಹೋಗುತ್ತದೆ, ಪೊಲೀಸ್ ಕೇಸೂ ಆಗಬಹುದು ಎಂದೆ. ಇವರಿಗೆ ಏನಾಗುತ್ತದೆ ಎಂದಳು. ಬೀಗ ಹಾಕದ ತಪ್ಪು ಆಗಲೂ ಅವನ ಮೇಲಿರುತ್ತದೆ, ನನ್ನ ಜಾಗಕ್ಕೆ ಬಂದವರು ಏನು ಮಾಡುತ್ತಾರೋ ಹೇಳಲಾರೆ ಎಂದೆ. ಅದೂ ನಿಜವೇ. ಆದರೆ ಹೇಳುವಾಗ ನನ್ನ ದನಿಯಲ್ಲಿ ಇಣುಕಿದ ಆಸೆ ನನಗೇ ಕೇಳಿಸಿತು. ಅವಳಿಗೂ ಕೇಳಿಸಿರಬೇಕು.

ಅವಳು ಎದ್ದು ನಿಂತು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು.

“ಹಂಗಾದ್ರೆ ಯಾರಿಗೂ ಹೇಳಬ್ಯಾಡ್ರಿ ಮೇಡಂ. ನಮ್ಮ ಅತ್ತಿಯವ್ರಿಗೆ ಬ್ಯಾಡ, ನಿಮ್ಮ ಮನೆಯವ್ರಿಗೆ ಬ್ಯಾಡ, ಇವ್ರಿಗಂತೂ ಬ್ಯಾಡೇ ಬ್ಯಾಡ. ಗೊತ್ತಾದ್ರೆ ನಿಮ್ಮ ಕೈ ಕೆಳಗೆ ಒಂದಿನ ಇರಲ್ಲ ಅವ್ರು, ಅಂಥಾ ಮನುಷ್ಯ. ಎರಡು ಬೆರಳು ಇಟ್ಕೊಂಡು ವಾಪಸ್ ಬಂದ್ರೆ ಇಲ್ಲಿ ಯಾವ ಫ್ಯಾಕ್ಟರಿಯೋನು ಒಳಗೆ ಬಿಡ್ತಾನೆ? ನೀವು ಅಲ್ಲಿರ್ರಿ. ಇವ್ರನ್ನ ಕುಂತು ಮಾಡೋ ಕೆಲ್ಸಕ್ಕೆ ಹಾಕ್ರಿ. ತಪ್ಪು ಇವ್ರ ಮೇಲೆ ಬರದಂಗೆ ಬರೀರಿ. ನಾನು ಸಾಯೋತನ ಬಾಯಿ ಬಿಡಲ್ಲ.”

ಅಕ್ಕ ಎನ್ನುತ್ತಿದ್ದವಳು ಮೇಡಂ ಎಂದಿದ್ದಳು. ದಾಖಲೆಯಲ್ಲಿ ನನ್ನ ಹೆಸರಿದೆ, ಯಾರಾದರೂ ತೆರೆದರೆ ಕಾಣುತ್ತದೆ ಎಂದೆ. ಯಾರು ತೆರೆಯುತ್ತಾರೆ ಎಂದಳು. ನಾನು, ಇಲ್ಲವೆ ನಾನು ಕರೆಸಿದವರು ಎಂದೆ. ಜುಬೇರನ ಹೆಸರು ಮಾತ್ರ ಬರಬಾರದು ಎಂದೆ. ಅದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಕೋಟನ್ನು ತಂತಿಯ ಮೇಲೆ ಹಾಕಿ ಬಾಗಿಲು ತೆಗೆದಳು.

ಒಳಗೆ ಕೊಟ್ರವ್ವ ಸೀರೆ ಬದಲಿಸಿ ಚೀಲ ಹಿಡಿದು ನಿಂತಿದ್ದರು. ರೇಖಾ ಚೀಲವನ್ನು ಅವರ ಕೈಯಿಂದ ತೆಗೆದುಕೊಂಡಳು. ಅವಳ ದನಿ ಎಷ್ಟು ಸಹಜವಾಗಿತ್ತೆಂದರೆ ನನಗೆ ಅವಳನ್ನು ಕಂಡು ಹೆದರಿಕೆಯಾಯಿತು.

“ಎಲ್ಲೂ ಹೋಗಬ್ಯಾಡ್ರಿ ಅತ್ತಿ. ಯಾರೂ ಒತ್ತಿಲ್ಲಂತೆ. ಕರೆಂಟ್ ಹೋಗಿ ಬಂತಂತೆ. ಪಂಪಿಗೆ ಆಟೋ ಸ್ಟಾರ್ಟರ್ ಇತ್ತಂತೆ, ತಾನೇ ಚಾಲೂ ಆಗೈತೆ.”

ಕೊಟ್ರವ್ವ ಒಂದು ಗಳಿಗೆ ನಿಂತರು. ಆಮೇಲೆ ಅವರ ಭುಜ ಇಳಿಯಿತು. ಹೊಲದ ಬೋರಿಗೆ ಆಟೋ ಸ್ಟಾರ್ಟರ್ ಇಲ್ಲದವರು ಆ ಊರಿನಲ್ಲಿ ಯಾರಿದ್ದಾರೆ. ಕರೆಂಟು ಬಂದಾಗ ನಡುರಾತ್ರಿಯಲ್ಲಿ ತಾನೇ ಗುಂಯ್‌ಗುಟ್ಟುವ ಮೋಟರು ಅವರಿಗೆ ಹೊಸದಲ್ಲ. ಆದರೂ ನನ್ನ ಕಡೆ ತಿರುಗಿದರು. ಓದಿದವಳು, ಗುತ್ತೆಪ್ಪನ ಜೊತೆಗಾರನ ಮಗಳು, ಮಗನನ್ನು ಕರೆದುಕೊಂಡು ಹೋದವಳು.

“ಹೌದೇನವ್ವಾ?”

ನಮ್ಮ ಹೋಟೆಲಿನಲ್ಲಿ ಕರೆಂಟು ಹೋಗುವುದಿಲ್ಲ. ಹೋದರೂ ಹತ್ತು ಸೆಕೆಂಡಿನಲ್ಲಿ ಜನರೇಟರು ಹಿಡಿಯುತ್ತದೆ, ಪಂಪುಗಳು ನಾವು ಹೇಳುವವರೆಗೆ ಏಳುವುದಿಲ್ಲ. ಹಾಗೆ ಜೋಡಿಸಿದವಳೂ ನಾನೇ.

“ಹೌದು ದೊಡ್ಡವ್ವ,” ಎಂದೆ.

ರೇಖಾ ಅಡುಗೆಮನೆಗೆ ಹೋದಳು. ಮೇಡಂ ಊಟ ಮಾಡಿಕೊಂಡೇ ಹೋಗುತ್ತಾರೆ ಎಂದು ಅತ್ತೆಗೆ ಅಲ್ಲಿಂದಲೇ ಹೇಳಿದಳು. ನನ್ನನ್ನು ಕೇಳಲಿಲ್ಲ. ಚಾಪೆ ಹಾಸಿ, ತಟ್ಟೆಯಿಟ್ಟು, ರೊಟ್ಟಿಯ ಮೇಲೆ ಪಲ್ಯ ಬಡಿಸಿ ಎದುರಿಗೆ ಕೂತಳು. ನಾನು ಉಣ್ಣತೊಡಗಿದೆ. ಪ್ರತಿ ತುತ್ತನ್ನೂ ನುಂಗುವವರೆಗೆ ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.